ನೆಗಡಿ, ಫ್ಲೂ ಕಾಲಕ್ಕೆ ದೇಹದ ಮೊದಲ ಕಾವಲನ್ನು ಸಜ್ಜು ಮಾಡುವ ಕ್ರಮ: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ

ಹೊಸದೊಂದು ವೈರಸ್ ಮೂಗಿಗೆ ಬಿದ್ದಾಗ ಅದಕ್ಕೆ ತಕ್ಕ ಪ್ರತಿಕಾಯ (ಆಂಟಿಬಾಡಿ) ತಯಾರಾಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ದೇಹವನ್ನು ಕಾಯುವುದು ಹುಟ್ಟಿನಿಂದಲೇ ಬಂದ ಸಹಜ ರೋಗನಿರೋಧಕ ಶಕ್ತಿ. ಮೂಗಿನ ಲೋಳೆ ವೈರಸ್ಸನ್ನು ಅಂಟಿಸಿಕೊಳ್ಳುತ್ತದೆ. ಲೋಳೆಯ ಕೆಳಗಿರುವ ಸಿಲಿಯಾ ಎಂಬ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿದು ಅದನ್ನು ಗಂಟಲಿಗೆ ದೂಡುತ್ತವೆ, ನಾವು ನುಂಗುತ್ತೇವೆ, ಹೊಟ್ಟೆಯ ಆಮ್ಲ ಅದನ್ನು ಮುಗಿಸುತ್ತದೆ. ಇದನ್ನು ದಾಟಿ ಜೀವಕೋಶದೊಳಗೆ ನುಗ್ಗಿದ ವೈರಸ್ ಕಂಡ ಕೂಡಲೇ ಆ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಈ ಎಚ್ಚರಿಕೆ ಮೊದಲ ಒಂದೆರಡು ದಿನದಲ್ಲೇ ತಲುಪಿದರೆ ಕಾಯಿಲೆ ಹೆಚ್ಚಾಗಿ ನೆಗಡಿಯಲ್ಲೇ ಮುಗಿಯುತ್ತದೆ, ತಡವಾದರೆ ಶ್ವಾಸಕೋಶಕ್ಕೆ ಇಳಿಯಬಹುದು. ಕೋವಿಡ್‌ನಿಂದ ಜೀವಕ್ಕೇ ಅಪಾಯವಾದವರಲ್ಲಿ ಸುಮಾರು ಶೇ. 10ರಷ್ಟು ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ತಡೆಯುವ ಪ್ರತಿಕಾಯಗಳಿದ್ದವು ಎಂದು 2020ರಲ್ಲಿ ಗೊತ್ತಾಯಿತು. ಆ ಮೊದಲ ದಿನಗಳಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಅಂಗಡಿಯಲ್ಲಿ ‘ಇಮ್ಯುನಿಟಿ ಬೂಸ್ಟರ್’ ಎಂದು ಮಾರುವ ಡಬ್ಬಿಗಳಿಂದ ಈ ವ್ಯವಸ್ಥೆ ಚುರುಕಾಗುವುದಿಲ್ಲ. ಲಂಗುಲಗಾಮಿಲ್ಲದೆ ಏರಿದರೂ ಅದು ಕೆಟ್ಟದ್ದೇ. ಕೋವಿಡ್‌ನಲ್ಲಿ ಎಷ್ಟೋ ಜನರ ಶ್ವಾಸಕೋಶ ಹಾಳಾದದ್ದು ಅಂಥ ಉರಿಯೂತದಿಂದ. ನಾವು ಮಾಡಬೇಕಾದ ಕೆಲಸ ಎರಡು: ಈ ಕಾವಲಿಗೆ ಅಡ್ಡ ಬರುವುದನ್ನೆಲ್ಲ ತೆಗೆಯುವುದು, ಲಸಿಕೆಯ ಮೂಲಕ ಅದಕ್ಕೆ ಮುಂಚೆಯೇ ವೈರಿಯ ಗುರುತು ಮಾಡಿಕೊಡುವುದು. ನಮ್ಮ ಮೂರು ಜಿಲ್ಲೆಗಳಲ್ಲಿ ಮೊದಲನೆಯದೇ ದೊಡ್ಡ ಕೆಲಸ.

ಹೊಗೆ ಮತ್ತು ಧೂಳು

ಸಿಲಿಯಾ ರೋಮಗಳ ಮೊದಲ ಶತ್ರು ಹೊಗೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಬಳ್ಳಾರಿ ಜಾಲಿ ಉರಿಸುವ ಒಲೆಯ ಹೊಗೆ ಅವುಗಳ ಬಡಿತವನ್ನು ನಿಧಾನ ಮಾಡುತ್ತದೆ, ಲೋಳೆಯನ್ನು ಗಟ್ಟಿ ಮಾಡುತ್ತದೆ. ಮನೆಯೊಳಗಿನ ಹೊಗೆಯಿಂದ ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ ಬರುವ ಸಾಧ್ಯತೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗ್ಯಾಸ್ ಇದ್ದರೂ ರೊಟ್ಟಿಗೆ, ಸ್ನಾನದ ನೀರಿಗೆ ಒಲೆಯನ್ನೇ ಹಚ್ಚುವ ಮನೆಗಳು ಬಹಳ. ಹಾಗಿದ್ದರೆ ಇಷ್ಟಾದರೂ ಮಾಡಿ:

- ನೀರು ಕಾಯಿಸುವ ಒಲೆಯನ್ನು ಗೋಡೆಯಾಚೆ, ಮನೆಯ ಬಾಗಿಲಿಗೆ ಗಾಳಿ ಬೀಸದ ದಿಕ್ಕಿಗೆ ಹಾಕಿ.
- ಕಟ್ಟಿಗೆ ಪೂರ್ತಿ ಒಣಗಿರಲಿ. ಹಸಿ ಜಾಲಿ ಎಷ್ಟೋ ಪಟ್ಟು ಹೆಚ್ಚು ಹೊಗೆ ಬಿಡುತ್ತದೆ. ಮಳೆಗಾಲದ ಕಟ್ಟಿಗೆಯನ್ನು ಮೇ ತಿಂಗಳಲ್ಲೇ ತಂದು ತಗಡಿನ ಕೆಳಗೆ ಒಟ್ಟಿಡಿ.
- ಒಲೆ ಹಚ್ಚಲು ಪ್ಲಾಸ್ಟಿಕ್ ಕವರ್, ಹರಿದ ಚಪ್ಪಲಿ, ಟೈರ್ ತುಂಡು ಬೇಡ.
- ರೊಟ್ಟಿ ಬಡಿಯುವಾಗ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಒಲೆ ಮುಂದೆ ಕೂರಬೇಡಿ.

ಬಾಣಂತಿ ಮತ್ತು ಕೂಸಿಗೆ ಸ್ನಾನವಾದ ಮೇಲೆ ಲೋಬಾನದ ಹೊಗೆ ಹಾಕುವುದು ಈ ಸೀಮೆಯಲ್ಲಿ ಇನ್ನೂ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಬಿಡಬೇಕು. ಹುಟ್ಟಿದ ಮಗುವಿನ ಶ್ವಾಸನಾಳ ಬಲು ಸಣ್ಣದು, ಸ್ವಲ್ಪ ಊತ ಬಂದರೂ ಉಸಿರು ಕಟ್ಟುತ್ತದೆ. ತಲೆ ಒಣಗಿಸಲು ಒಣ ಬಟ್ಟೆ ಸಾಕು. ಕೂಸಿನ ಮೂಗಿಗೆ ಎಣ್ಣೆ ಬಿಡುವುದಂತೂ ನೇರ ಅಪಾಯ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೆಮ್ಮಿದರೂ ಹೊರಬರುವುದಿಲ್ಲ, ಅಲ್ಲೇ ಕೂತು ನ್ಯುಮೋನಿಯಾ ಎಬ್ಬಿಸುತ್ತದೆ. ಅಜ್ಜಿಗೆ ಇದನ್ನು ಸಮಾಧಾನದಿಂದ ತಿಳಿಸಿ ಹೇಳಿ, ಕೇಳುತ್ತಾರೆ.

ಇನ್ನು ಧೂಳು. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್, ಸಿಂಧನೂರು, ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿ, ಸಂಡೂರಿನ ಅದಿರು ಗಣಿ, ಬಳ್ಳಾರಿ ಮತ್ತು ಕೊಪ್ಪಳದ ಸ್ಪಾಂಜ್ ಐರನ್ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ: ದುಡಿಮೆಯ ಜಾಗ ಯಾವುದೇ ಇರಲಿ, ಮುಖಕ್ಕೆ ಸುತ್ತಿದ ಟವೆಲ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಶ್ವಾಸಕೋಶದ ಆಳಕ್ಕೆ ಹೋಗುವ ಸಣ್ಣ ಕಣ ಅದರಲ್ಲಿ ನಿಲ್ಲುವುದಿಲ್ಲ. ಎನ್-95 ಮಾಸ್ಕ್ ಬೇಕು. ಎರಡು ಪಟ್ಟಿಯದಾದರೆ ಒಂದು ಪಟ್ಟಿ ನೆತ್ತಿಯ ಹಿಂದೆ, ಇನ್ನೊಂದು ಕತ್ತಿನ ಹಿಂದೆ ಕೂರಲಿ. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಬೆರಳಿನಿಂದ ಒತ್ತಿ. ಆಮೇಲೆ ಜೋರಾಗಿ ಉಸಿರು ಬಿಟ್ಟು ನೋಡಿ, ಅಂಚಿನಿಂದ ಗಾಳಿ ಕಣ್ಣಿಗೆ ತಾಗಿದರೆ ಸರಿಯಾಗಿ ಕೂತಿಲ್ಲ. ದಟ್ಟ ಗಡ್ಡವಿದ್ದರೆ ಯಾವ ಮಾಸ್ಕೂ ಪೂರ್ತಿ ಕೂರದು. ಒಳಭಾಗ ಕಪ್ಪಾದರೆ, ಬೆವರಿಗೆ ತೊಯ್ದರೆ, ಪಟ್ಟಿ ಸಡಿಲವಾದರೆ ಬದಲಿಸಿ. ತೊಳೆದು ಮತ್ತೆ ಹಾಕಿಕೊಂಡರೆ ಅದರ ಸೋಸುವ ಗುಣ ಹೋಗಿರುತ್ತದೆ. ಮನೆ ಗುಡಿಸುವ ಮುನ್ನ ನೀರು ಚಿಮುಕಿಸಿ, ಇಲ್ಲವೇ ಒದ್ದೆ ಬಟ್ಟೆಯಿಂದ ಒರೆಸಿ.

ಬೀಡಿ, ಸಿಗರೇಟು ಬಿಡದೆ ಇದೆಲ್ಲ ಮಾಡಿದರೆ ಫಲ ಅರ್ಧವೂ ಸಿಗದು.

ಮೂಗು ತೊಳೆಯುವುದು

ಕಡಿಮೆ ಖರ್ಚಿನಲ್ಲಿ ಪುರಾವೆ ಇರುವ ಉಪಾಯ ಉಪ್ಪುನೀರು. ಬ್ರಿಟನ್ನಿನಲ್ಲಿ 13,000ಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೆಗಡಿಯ ಮೊದಲ ಸೂಚನೆ ಕಂಡಾಗಲೇ ಉಪ್ಪುನೀರಿನ ಸ್ಪ್ರೇ ಬಳಸಿದವರು ಕಾಯಿಲೆಯಲ್ಲಿ ಕಳೆದ ದಿನ ಸುಮಾರು ಐದನೇ ಒಂದು ಭಾಗ ಕಡಿಮೆಯಾಯಿತು, ಆಂಟಿಬಯೋಟಿಕ್ ಬಳಕೆಯೂ ಇಳಿಯಿತು. ನೀರು ವೈರಸ್ಸನ್ನು ತೊಳೆಯುವುದು ಒಂದು ಕಾರಣ. ಉಪ್ಪಿನ ಕ್ಲೋರೈಡನ್ನು ಬಳಸಿಕೊಂಡು ಮೂಗಿನ ಕೋಶಗಳು ತಾವೇ ವೈರಸ್ ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಮಾಡಿಕೊಳ್ಳುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಇನ್ನೊಂದು ಕಾರಣ.

ಮಾಡುವ ವಿಧಾನ:

1. ಅರ್ಧ ಲೀಟರ್ ನೀರನ್ನು ಕುದಿಸಿ. ಗುಳ್ಳೆ ಉಕ್ಕಿ ಕುದಿಯಲು ಶುರುವಾದ ಮೇಲೆ ಕನಿಷ್ಠ ಒಂದು ನಿಮಿಷ, ಸಮಾಧಾನಕ್ಕೆ ಮೂರು ನಿಮಿಷ ಬಿಡಿ. ಮುಚ್ಚಳ ಮುಚ್ಚಿ ಉಗುರುಬೆಚ್ಚಗಾಗಲು ಬಿಡಿ.
2. ಒಂದು ಟೀಚಮಚ ಉಪ್ಪನ್ನು ಅಂಚಿಗೆ ಸಮವಾಗಿ ಸವರಿ ಹಾಕಿ, ಅದು ಸುಮಾರು 5 ಗ್ರಾಂ. ಕಾಲು ಟೀಚಮಚ ಅಡುಗೆ ಸೋಡಾ ಸೇರಿಸಿದರೆ ಉರಿ ಕಡಿಮೆ.
3. ಬಚ್ಚಲಿನ ಮೇಲೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತ ಮೇಲಿನ ಹೊಳ್ಳೆಗೆ ಸೂಜಿ ತೆಗೆದ 20 ಮಿಲಿ ಸಿರಿಂಜಿನಿಂದಲೋ ನೇತಿ ಪಾತ್ರೆಯಿಂದಲೋ (ಮೂಗು ತೊಳೆಯುವ ಕೊಕ್ಕಿನ ಪಾತ್ರೆ) ನಿಧಾನಕ್ಕೆ ಬಿಡಿ. ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಒಂದೊಂದು ಬದಿಗೆ 100 ಮಿಲಿ ಸಾಕು.
4. ಒಂದೊಂದೇ ಹೊಳ್ಳೆಯನ್ನು ಮೆಲ್ಲಗೆ ಸೀದಿ. ಎರಡನ್ನೂ ಒತ್ತಿ ಜೋರಾಗಿ ಸೀದಿದರೆ ನೀರು ಕಿವಿಗೆ ಏರಿ ನೋವು ಬರುತ್ತದೆ.
5. ಪಾತ್ರೆಯನ್ನು ಕುದಿಸಿದ ನೀರಿನಿಂದಲೇ ತೊಳೆದು ಬೋರಲು ಹಾಕಿ ಒಣಗಿಸಿ. ಉಳಿದ ನೀರನ್ನು 24 ಗಂಟೆಯೊಳಗೆ ಚೆಲ್ಲಿ.

ಮೂಗು ಉರಿದರೆ ಉಪ್ಪಿನ ಅಳತೆ ತಪ್ಪಿದೆ ಎಂದು ತಿಳಿಯಿರಿ. ಉಪ್ಪು ಕಡಿಮೆಯಾದರೂ ಉರಿಯುತ್ತದೆ, ಹೆಚ್ಚಾದರೂ ಉರಿಯುತ್ತದೆ. ನೆಗಡಿ ಇದ್ದಾಗ ದಿನಕ್ಕೆ ಎರಡು ಮೂರು ಸಲ, ಗಣಿ ಅಥವಾ ಮಿಲ್ಲಿನಿಂದ ಬಂದವರು ಸಂಜೆ ಒಂದು ಸಲ ಮಾಡಬಹುದು. ಸಣ್ಣ ಮಕ್ಕಳಿಗೆ ಈ ವಿಧಾನ ಬೇಡ. ಅವರಿಗೆ ಮೆಡಿಕಲ್ ಅಂಗಡಿಯ ಸಲೈನ್ ಹನಿ, ಹಾಲು ಕುಡಿಸುವ ಮುನ್ನ ಹೊಳ್ಳೆಗೆ ಎರಡೆರಡು ಹನಿ.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಆರ್‌ಒ ನೀರಾದರೂ ಕುದಿಸಲೇಬೇಕು, ಏಕೆಂದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಕ್ಯಾನಿನಲ್ಲಿ ಎರಡು ದಿನ ಇಟ್ಟರೆ ಸೂಕ್ಷ್ಮಜೀವಿ ಬೆಳೆಯಬಹುದು. ಕಾಲುವೆ, ಕೆರೆ, ಬೋರ್‌ವೆಲ್ ನೀರನ್ನು ನೇರವಾಗಿ ಮೂಗಿಗೆ ಏರಿಸಲೇಬಾರದು. ಕೇರಳದಲ್ಲಿ ಸಾವುಗಳಿಗೆ ಕಾರಣವಾದ ನೀಗ್ಲೇರಿಯಾ ಎಂಬ ಅಮೀಬಾ ಮಿದುಳಿಗೆ ಹೋಗುವುದು ಮೂಗಿನ ದಾರಿಯಿಂದಲೇ. ಅದೇ ನೀರನ್ನು ಕುಡಿದರೆ ಆ ಅಪಾಯವಿಲ್ಲ, ಮೂಗಿಗೆ ಏರಿದರೆ ಇದೆ.

ಹಬೆ ತೆಗೆದುಕೊಂಡರೆ ಸ್ವಲ್ಪ ಹಗುರ ಅನ್ನಿಸೀತು, ವೈರಸ್ ಸಾಯುವುದಿಲ್ಲ. ಕುದಿನೀರಿನ ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಮಕ್ಕಳನ್ನು ನೆನೆದರೆ ಮಕ್ಕಳಿಗೆ ಇದು ಬೇಡವೇ ಬೇಡ.

ಕೂಲರ್, ಕಿಟಕಿ, ನಿದ್ದೆ

ಒಣಗಾಳಿಯಲ್ಲಿ ಲೋಳೆ ಗಟ್ಟಿಯಾಗುತ್ತದೆ. ತೇವ ಕಡಿಮೆ ಇರುವ ಗಾಳಿಯಲ್ಲಿಟ್ಟ ಇಲಿಗಳಲ್ಲಿ ಸಿಲಿಯಾ ಬಡಿತವೂ ಇಂಟರ್‌ಫೆರಾನ್ ಪ್ರತಿಕ್ರಿಯೆಯೂ ಕುಗ್ಗಿ ಫ್ಲೂ ಜೋರಾದದ್ದನ್ನು 2019ರ ಪ್ರಯೋಗವೊಂದು ತೋರಿಸಿದೆ. ಒಳಾಂಗಣದ ತೇವಾಂಶ ಶೇ. 40ರಿಂದ 60ರ ನಡುವೆ ಇದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ನಮ್ಮಲ್ಲಿ ಮಧ್ಯಾಹ್ನ ಅದು ಇದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಈ ಲೆಕ್ಕದಲ್ಲಿ ಎಸಿಗಿಂತ ಏರ್ ಕೂಲರ್ ಮೇಲು: ತೇವವನ್ನೂ ಕೊಡುತ್ತದೆ, ಹೊರಗಿನ ಹೊಸ ಗಾಳಿಯನ್ನೂ ತರುತ್ತದೆ. ಕೂಲರ್ ಕಿಟಕಿಯ ಹೊರಗಿರಬೇಕು, ಎದುರಿನ ಕಿಟಕಿ ಅಥವಾ ಬಾಗಿಲು ಒಂದು ಗೇಣಾದರೂ ತೆರೆದಿರಬೇಕು. ಬಿಸಿಗಾಳಿ ಬರುತ್ತದೆಂದು ಎಲ್ಲ ಮುಚ್ಚಿ ಕೂಲರ್ ಒಳಗಿಟ್ಟರೆ ಕೋಣೆ ಜಿಗುಟಾಗುತ್ತದೆ, ಒಬ್ಬರ ಕೆಮ್ಮು ಎಲ್ಲರಿಗೂ ಹಂಚಿಕೆಯಾಗುತ್ತದೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಉಜ್ಜಿ ತೊಳೆಯಿರಿ. ಬಿಟ್ಟರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಗೆ ಸಿಮೆಂಟ್ ಹಾಕಿ ಮುಚ್ಚಿದ್ದರೆ ತೆಗೆಸಿ. ಬಿಸಿಯಾದ ಉಸಿರುಗಾಳಿ ಮೇಲೇರಿ ಹೋಗಲು ಅದೇ ದಾರಿ. ಒಳಗೆ ಸೇರುವ ವೈರಸ್ಸಿನ ಪ್ರಮಾಣ ಕಡಿಮೆಯಿದ್ದಷ್ಟೂ ಮೊದಲ ಕಾವಲು ಗೆಲ್ಲುವುದು ಸುಲಭ.

ನಿದ್ದೆಯ ಲೆಕ್ಕ ನೇರ. 164 ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್ ಹಾಕಿ ನೋಡಿದ 2015ರ ಅಧ್ಯಯನದಲ್ಲಿ, ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಹಿಡಿಯುವ ಸಾಧ್ಯತೆ ಏಳು ಗಂಟೆ ಮೀರಿ ಮಲಗುವವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಕೋಣೆ ಕತ್ತಲು ಮಾಡಿ, ಫೋನ್ ಹೊರಗಿಟ್ಟು, ತುಂಡು ನಿದ್ದೆ ಬಿಟ್ಟು ಒಂದೇ ಹಿಡಿತಕ್ಕೆ ಮಲಗಬೇಕು. ಮನೆಯವರು ಆ ಹೊತ್ತನ್ನು ಕಾಯ್ದುಕೊಡಬೇಕು.

ಊಟದ ಲೆಕ್ಕ

ಇಂಟರ್‌ಫೆರಾನ್, ಪ್ರತಿಕಾಯ ಎರಡೂ ಪ್ರೋಟೀನುಗಳು. ವಯಸ್ಕರಿಗೆ ದಿನಕ್ಕೆ ದೇಹತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿದೆ. 55 ಕಿಲೋ ತೂಕದವರಿಗೆ ಅದು ಸುಮಾರು 46 ಗ್ರಾಂ. ನಮ್ಮ ಊಟದಲ್ಲೇ ಇದು ಸಿಗುತ್ತದೆ: ಮೂರು ಜೋಳದ ರೊಟ್ಟಿ (150 ಗ್ರಾಂ ಹಿಟ್ಟು) 15 ಗ್ರಾಂ, 30 ಗ್ರಾಂ ತೊಗರಿಬೇಳೆಯ ಗಟ್ಟಿ ಪಪ್ಪು 6ರಿಂದ 7, 30 ಗ್ರಾಂ ಹೆಸರುಕಾಳಿನ ಪಲ್ಯ 7, ಎರಡು ಚಮಚ ಶೇಂಗಾ ಹಿಂಡಿ 5, ದೊಡ್ಡ ಬಟ್ಟಲು ಮೊಸರು 6, ಒಂದು ಮೊಟ್ಟೆ 6. ಎಡವುವುದು ಎಲ್ಲೆಂದರೆ ರೊಟ್ಟಿ ಬಿಟ್ಟು ಮೂರು ಹೊತ್ತೂ ಅನ್ನ, ತಿಳಿಸಾರಿಗೆ ಇಳಿದಾಗ. ವಯಸ್ಸಾದವರಲ್ಲಿ ಇದು ಬಹಳ: ಹಲ್ಲಿಲ್ಲವೆಂದು ರೊಟ್ಟಿ ಬಿಟ್ಟವರಿಗೆ ಕಾಳನ್ನೂ ಯಾರೂ ಬಡಿಸುವುದಿಲ್ಲ. ಅವರಿಗೆ ಹೆಸರುಬೇಳೆ ಹಾಕಿದ ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಮೊಸರು ಕಲಸಿ ಕೊಡಿ.

ಸತು ಎಂಬ ಖನಿಜ ಕಾಳು, ಜೋಳ, ಶೇಂಗಾದಲ್ಲಿದೆ, ಆದರೆ ಅವುಗಳಲ್ಲೇ ಇರುವ ಫೈಟೇಟ್ ಅದನ್ನು ಕರುಳಿನಲ್ಲಿ ಹೀರದಂತೆ ಹಿಡಿದಿಡುತ್ತದೆ. ಮಡಕಿ, ಹೆಸರುಕಾಳನ್ನು ಎಂಟು ಗಂಟೆ ನೆನೆಸಿ, ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಬೇಸಿಗೆಯಲ್ಲಿ ನಡುವೆ ಒಮ್ಮೆ ತೊಳೆಯದಿದ್ದರೆ ಮೊಳಕೆ ಲೋಳೆಯಾಗಿ ವಾಸನೆ ಬರುತ್ತದೆ, ಅದನ್ನು ತಿನ್ನಬಾರದು. ಮಕ್ಕಳಿಗೆ, ಬಸುರಿಯರಿಗೆ ಬೇಯಿಸಿಯೇ ಕೊಡಿ. ಸತುವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಡಿ. ದಿನಕ್ಕೆ 40 ಮಿಲಿಗ್ರಾಂ ಮೀರುತ್ತ ಹೋದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ. ವಿಟಮಿನ್ ಸಿಗೆ ಒಂದು ಪೇರಲ ಹಣ್ಣು ಸಾಕು. ಲಿಂಬೆಯನ್ನು ಪಪ್ಪು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ವಿಟಮಿನ್ ಡಿ ಮಾತ್ರೆ ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಮಾತ್ರ, ವೈದ್ಯರು ಹೇಳಿದಷ್ಟೇ.

ಸಕ್ಕರೆ ಕಾಯಿಲೆ ಇರುವವರು ಇದೆಲ್ಲಕ್ಕಿಂತ ಮೊದಲು ಸಕ್ಕರೆಯನ್ನು ಹತೋಟಿಗೆ ತರಬೇಕು. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಸೋಂಕಿನತ್ತ ಮೊದಲು ಓಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮಂದವಾಗುತ್ತವೆ.

ಕಾವಲನ್ನೇ ಕಟ್ಟಿಹಾಕುವ ಸೂಜಿ

ನೆಗಡಿ, ಮೈಕೈ ನೋವು ಬಂದ ಕೂಡಲೇ ‘ಒಂದು ಸೂಜಿ ಹಾಕಿ’ ಎಂದು ಕೇಳುವ ರೂಢಿ ನಮ್ಮಲ್ಲಿ ಬಲವಾಗಿದೆ. ಹಾಗೆ ಹಾಕುವ ಸೂಜಿಯಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್ ಇದ್ದರೆ ಗಂಟೆಗಳಲ್ಲೇ ಜ್ವರ ಇಳಿದು ಹಗುರವಾಗುತ್ತದೆ. ಹಗುರವಾದದ್ದು ವೈರಸ್ ಸತ್ತದ್ದರಿಂದಲ್ಲ, ಅದರ ಮೇಲೆ ಬಿದ್ದಿದ್ದ ಇಂಟರ್‌ಫೆರಾನ್ ಮತ್ತು ಬಿಳಿ ಕಣಗಳ ದಾಳಿ ಕುಗ್ಗಿದ್ದರಿಂದ. ಆಕ್ಸಿಜನ್ ಕುಸಿದ ರೋಗಿಗೆ ಆಸ್ಪತ್ರೆಯಲ್ಲಿ ಕೊಟ್ಟಾಗ ಇದೇ ಔಷಧಿ ಜೀವ ಉಳಿಸುತ್ತದೆ, ಮೊದಲ ದಿನದ ನೆಗಡಿಗೆ ಕೊಟ್ಟರೆ ವೈರಸ್ಸಿಗೆ ದಾರಿ ಬಿಟ್ಟಂತೆ. ಯಾವ ಔಷಧಿ ಎಂದು ಕೇಳಿ, ಚೀಟಿಯಲ್ಲಿ ಹೆಸರು ಬರೆಸಿಕೊಳ್ಳಿ. ಆಸ್ತಮಾ, ಕೀಲುವಾತಕ್ಕೆ ಮೊದಲೇ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರು ಮಾತ್ರ ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು, ಅದು ಅಪಾಯ.

ಅಮೃತಬಳ್ಳಿ ಕಷಾಯವನ್ನು ದಿನವೂ ತಿಂಗಳುಗಟ್ಟಲೆ ಕುಡಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಿಂದ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಶುಂಠಿ, ಮೆಣಸು ಹಾಕಿದ ಒಂದು ಲೋಟ ಕಷಾಯ ಗಂಟಲಿಗೆ ಹಿತ, ಅಷ್ಟಕ್ಕೆ ನಿಲ್ಲಿಸಿ.

ಲಸಿಕೆಗೆ ತಯಾರಿ

ಲಸಿಕೆ ಕೆಲಸ ಮಾಡುವುದೂ ಸಹಜ ರೋಗನಿರೋಧಕ ಶಕ್ತಿಯ ಮೂಲಕವೇ. ತೋಳಿನಲ್ಲಿ ಸೂಜಿ ಬಿದ್ದ ಜಾಗಕ್ಕೆ ಡೆಂಡ್ರಿಟಿಕ್ ಕೋಶಗಳು ಬಂದು, ಲಸಿಕೆಯ ತುಣುಕನ್ನು ಕಂಕುಳಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಒಯ್ದು ತೋರಿಸಿದ ಮೇಲಷ್ಟೇ ಪ್ರತಿಕಾಯ ಶುರುವಾಗುತ್ತದೆ. ಆ ಕೋಶಗಳನ್ನು ಎಬ್ಬಿಸಲು ಎಷ್ಟೋ ಲಸಿಕೆಗಳಲ್ಲಿ ಅಡ್ಜುವೆಂಟ್ ಎಂಬ ಪದಾರ್ಥ ಬೆರೆಸುತ್ತಾರೆ. ನಮ್ಮ ಕೋವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಲವಣದ ಜೊತೆ ಅಂಥದೊಂದು ಅಣು ಇತ್ತು. ತೋಳು ನೋವು, ಒಂದೆರಡು ದಿನದ ಸಣ್ಣ ಜ್ವರ ಈ ಎಬ್ಬಿಸುವಿಕೆಯ ಗುರುತು.

ಕ್ಷಯ ತಡೆಯಲು ಕೂಸಿಗೆ ಹಾಕುವ ಬಿಸಿಜಿ ಲಸಿಕೆ ಸಹಜ ರೋಗನಿರೋಧಕ ಕೋಶಗಳನ್ನೇ ತರಬೇತುಗೊಳಿಸುತ್ತದೆ ಎಂಬುದು ನಿಜ. ಅದರಿಂದ ಕೋವಿಡ್ ತಡೆಯಬಹುದೇ ಎಂದು ಆರೋಗ್ಯ ಕಾರ್ಯಕರ್ತರ ಮೇಲೆ ನಡೆಸಿದ, 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಹಾಗಾಗಿ ದೊಡ್ಡವರು ಬಿಸಿಜಿ ಹುಡುಕಿಕೊಂಡು ಹೋಗಬೇಕಿಲ್ಲ. ಆಯಾ ರೋಗಕ್ಕೆ ಆಯಾ ಲಸಿಕೆ.

ಮಕ್ಕಳಿಗೆ ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಸರಕಾರಿ ಪಟ್ಟಿಯಲ್ಲಿ ಉಚಿತ: 6 ವಾರ, 14 ವಾರ, 9 ತಿಂಗಳಿಗೆ. 9 ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಜೊತೆ ಒಂದು ಲಕ್ಷ ಯೂನಿಟ್ ವಿಟಮಿನ್ ಎ ದ್ರಾವಣ ಕೊಡುತ್ತಾರೆ. ಆಮೇಲೆ ಒಂದೂವರೆ ವರ್ಷದಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್. ಶ್ವಾಸನಾಳದ ಒಳಪದರ ಗಟ್ಟಿಯಾಗಿರಲು ಈ ಎ ಬೇಕು, ಸುಗ್ಗಿಯ ಕೆಲಸಕ್ಕೆ, ಗುಳೆ ಹೋದಾಗ ತಪ್ಪಿಹೋಗುವುದೂ ಇದೇ. ತಾಯಿ ಕಾರ್ಡನ್ನು ಜೊತೆಗೆ ಒಯ್ದರೆ ಹೋದ ಊರಿನಲ್ಲೇ ಹಾಕಿಸಬಹುದು.

ಫ್ಲೂ ಲಸಿಕೆಯನ್ನು 65 ದಾಟಿದವರು, ಬಸುರಿಯರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಪ್ರತಿವರ್ಷ ಹಾಕಿಸಿಕೊಳ್ಳಬೇಕು. ಗಣಿ, ಮಿಲ್ ಧೂಳಿನಲ್ಲಿ ದುಡಿಯುವವರೂ ಹಾಕಿಸಿಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಭಾರತದಲ್ಲಿ ಫ್ಲೂ ಏರುವುದು ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ. ಪ್ರತಿಕಾಯ ಏರಲು ಎರಡು ವಾರ ಬೇಕಾದ್ದರಿಂದ ಮೇ ಕೊನೆಯೊಳಗೆ ಹಾಕಿಸಿಕೊಂಡರೆ ಮಳೆಗಾಲಕ್ಕೆ ಸರಿಯಾಗುತ್ತದೆ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್.

ಮೇ ತಿಂಗಳು ಎಂದರೆ ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಸಾಧ್ಯವಾದರೆ ಲಸಿಕೆಯನ್ನು ತಾವೇ ಇಟ್ಟುಕೊಳ್ಳುವ ಆಸ್ಪತ್ರೆಗೇ ಹೋಗಿ. ಮೆಡಿಕಲ್ ಅಂಗಡಿಯಿಂದ ಕೊಂಡು ಒಯ್ಯಲೇಬೇಕಾದರೆ ಡಾಕ್ಟರ್ ಕೂತಿದ್ದಾರೆಂದು ಖಾತ್ರಿ ಮಾಡಿಕೊಂಡ ಮೇಲೆ ಕೊಳ್ಳಿ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಡಿಸಿ. ಪ್ಯಾಕ್ ಫ್ರೀಜರಿನಿಂದ ತೆಗೆದ ಕಲ್ಲಿನಂಥದಾಗಿರಬಾರದು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು. ಲಸಿಕೆ ಮತ್ತು ಪ್ಯಾಕ್ ನಡುವೆ ದಪ್ಪ ಬಟ್ಟೆ ಅಥವಾ ಕಾಗದವಿರಲಿ. ಬಿಸಿಲಿಗೆ ಹೆದರಿ ಲಸಿಕೆಯನ್ನು ಹೆಪ್ಪುಗಟ್ಟಿಸುವ ತಪ್ಪೂ ಆಗುತ್ತದೆ, ಹೆಪ್ಪುಗಟ್ಟಿದ ಫ್ಲೂ ಲಸಿಕೆ ಕರಗಿದರೂ ಕೆಲಸಕ್ಕೆ ಬಾರದು. ಸರಕಾರಿ ಲಸಿಕೆ ಬಾಟಲಿಯ ಮೇಲೆ ವೃತ್ತದೊಳಗೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ. ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು, ಸಿಸ್ಟರ್ ತೋರಿಸುತ್ತಾರೆ.

ಲಸಿಕೆಯ ಹಿಂದಿನ ಎರಡು ರಾತ್ರಿ, ಮುಂದಿನ ಎರಡು ರಾತ್ರಿ ಏಳು ಗಂಟೆ ನಿದ್ದೆ ಮಾಡಿ. ಕೆಲವು ದಿನ ನಾಲ್ಕೇ ಗಂಟೆ ಮಲಗಿದವರಿಗೆ ಫ್ಲೂ ಲಸಿಕೆ ಕೊಟ್ಟು ನೋಡಿದ 2002ರ ಅಧ್ಯಯನದಲ್ಲಿ, ಹತ್ತನೇ ದಿನಕ್ಕೆ ಅವರ ಪ್ರತಿಕಾಯ ಉಳಿದವರ ಅರ್ಧಕ್ಕಿಂತ ಕಡಿಮೆಯಿತ್ತು. ಜ್ವರವಿಲ್ಲದ ಸಣ್ಣ ನೆಗಡಿಗೆ ಲಸಿಕೆ ಮುಂದೂಡಬೇಕಿಲ್ಲ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ಲಸಿಕೆ ಹಾಕಿಸಿದ ಮಗುವಿಗೆ ಪ್ಯಾರಾಸಿಟಮಾಲ್ ಅನ್ನು ಜ್ವರ ಬರುವ ಮುಂಚೆಯೇ ಕೊಡಬೇಡಿ. ಮುಂಚೆಯೇ ಕೊಟ್ಟ ಶಿಶುಗಳಲ್ಲಿ ಪ್ರತಿಕಾಯ ಕಡಿಮೆಯಾದದ್ದನ್ನು 2009ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಜ್ವರ ಬಂದು ಮಗು ಕಿರಿಕಿರಿ ಮಾಡಿದರೆ ಧಾರಾಳವಾಗಿ ಕೊಡಿ: ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಹೆಚ್ಚು ಎಡವಟ್ಟಾಗುವುದು ಬಾಟಲಿ ಅದಲುಬದಲಾದಾಗ. ಹನಿಯ ಬಾಟಲಿಯಲ್ಲಿ ಒಂದು ಮಿಲಿಗೇ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ ಐದು ಮಿಲಿಗೆ 120 ಅಥವಾ 250. ಐದು ಕಿಲೋ ಕೂಸಿಗೆ ಹನಿಯಾದರೆ ಅರ್ಧ ಮಿಲಿ ಸಾಕು. ಚೀಟಿ ಓದಿ, ಬಾಟಲಿಯ ಜೊತೆ ಬಂದ ಅಳತೆಯಲ್ಲೇ ಕೊಡಿ.

ಇಷ್ಟಾದರೂ ಕಾಯಿಲೆ ಬಂದರೆ

ಫ್ಲೂ ಔಷಧಿ ಓಸೆಲ್ಟಾಮಿವಿರ್ ಹೆಚ್ಚು ಕೆಲಸ ಮಾಡುವುದು ಮೊದಲ 48 ಗಂಟೆಯಲ್ಲಿ ಶುರು ಮಾಡಿದಾಗ. ಹಾಗಾಗಿ ಬಸುರಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಜೋರು ಜ್ವರ, ಕೆಮ್ಮು ಬಂದರೆ ಮೂರು ದಿನ ನೋಡೋಣ ಎನ್ನದೆ ಎರಡನೇ ದಿನಕ್ಕೇ ವೈದ್ಯರ ಬಳಿ ಹೋಗಬೇಕು.

ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಅದು ನ್ಯುಮೋನಿಯಾದ ಸೂಚನೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಗೆ ಸೇದಿಕೊಂಡರೆ, ಮೊಲೆಹಾಲು ಕುಡಿಯುವುದನ್ನು ಬಿಟ್ಟರೆ, ತುಟಿ ನೀಲಿಯಾದರೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ. ದೊಡ್ಡವರಲ್ಲಿ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಮಾತು ತೊದಲಿ ಗೊಂದಲವಾದರೆ, ಇಳಿದ ಜ್ವರ ಎರಡು ಮೂರು ದಿನ ಬಿಟ್ಟು ಮತ್ತೆ ಏರಿದರೆ ತಾಲ್ಲೂಕು ಆಸ್ಪತ್ರೆಗಾಗಲಿ, ಜನ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ಗಾಗಲಿ ಹೊರಡಿ. ಮತ್ತೆ ಏರಿದ ಜ್ವರ ಹೆಚ್ಚಾಗಿ ಫ್ಲೂ ಹಿಂದೆಯೇ ಬರುವ ಬ್ಯಾಕ್ಟೀರಿಯಾ ನ್ಯುಮೋನಿಯಾದ್ದು, ಆಂಟಿಬಯೋಟಿಕ್ ನಿಜವಾಗಿ ಬೇಕಾಗುವುದು ಆಗ. ಹೊರಡುವಾಗ ಅಲ್ಲಿಯವರೆಗೆ ಹಾಕಿಸಿದ ಸೂಜಿ, ಮಾತ್ರೆಗಳ ಚೀಟಿ ಮತ್ತು ಲಸಿಕೆ ಕಾರ್ಡನ್ನು ಜೊತೆಗೆ ಒಯ್ಯಿರಿ.